ಮನೆ ನೋಡಿ ಬಂದ ಮೇಲೆ ಬ್ರೋಕರ್‌ಗೆ ಏನು ಹೇಳೋದು?

ಮನೆ ಹುಡುಕಾಟದ ಬಗ್ಗೆ ಪ್ರಶ್ನೆ ಕಳಿಸಿ ಅಂತ ಕೇಳಿದ್ದೆವು. ಲೋನು, ವಾಸ್ತು, ಖಾತಾ ಬಗ್ಗೆ ಬರುತ್ತವೆ ಅಂದುಕೊಂಡರೆ ಜಾಸ್ತಿ ಬಂದಿದ್ದು ಬ್ರೋಕರ್ ಜೊತೆ ಮಾತಾಡುವ ಕಷ್ಟದ ಬಗ್ಗೆ. ಕೆಲವನ್ನು ಆರಿಸಿ ಉತ್ತರ ಕೊಟ್ಟಿದ್ದೇವೆ.

ಪ್ರಶ್ನೆ: ವಿಜಯನಗರ, ಚಂದ್ರಾ ಲೇಔಟ್ ಕಡೆ ರೀಸೇಲ್‌ಗೆ 2 ಬಿಎಚ್‌ಕೆ ಫ್ಲ್ಯಾಟ್ ಹುಡುಕುತ್ತಿದ್ದೇವೆ. ಬ್ರೋಕರ್ ಒಳ್ಳೆ ಮನುಷ್ಯ. ಭಾನುವಾರ ಬಂದರೆ ಸ್ಕೂಟರ್‌ನಲ್ಲಿ ಮುಂದೆ ಹೋಗಿ ತಾವೇ ದಾರಿ ತೋರಿಸುತ್ತಾರೆ. ಆದರೆ ತೋರಿಸುವ ಮನೆಗಳೆಲ್ಲ ನಮಗೆ ಆಗದಂಥವೇ, ಬರಬರುತ್ತಾ ಇನ್ನೂ ಕಡೆ. ಮುಖದ ಮೇಲೆ ಬೇಡ ಅನ್ನೋಕೆ ಮನಸ್ಸು ಬರಲ್ಲ. "ಮನೇಲಿ ಮಾತಾಡಿ ಹೇಳ್ತೀವಿ" ಅಂತ ಹೇಳಿ ಬರುತ್ತೇವೆ. ಏನು ಮಾಡೋದು? (ಹೆಸರು ಬೇಡ, ಬೆಂಗಳೂರು)

ಉತ್ತರ: ಬರಬರುತ್ತಾ ಕಡೆ ಆಗುತ್ತಿರೋದಕ್ಕೆ ಕಾರಣ ನಿಮ್ಮ ಆ ಮಾತೇ. ಮನೇಲಿ ಮಾತಾಡಿ ಹೇಳ್ತೀವಿ ಅಂದವರು ತಿರುಗಿ ಫೋನ್ ಮಾಡಲ್ಲ ಅಂತ ಬ್ರೋಕರ್‌ಗಳಿಗೆ ಚೆನ್ನಾಗಿ ಗೊತ್ತು. ಯಾಕೆ ಬೇಡ ಅಂತ ನೀವು ಹೇಳಲಿಲ್ಲ, ಹಾಗಾಗಿ ಅವರೇ ಊಹೆ ಮಾಡಿಕೊಳ್ಳುತ್ತಾರೆ. ಊಹೆ ಯಾವಾಗಲೂ ಒಂದೇ: ರೇಟ್ ಜಾಸ್ತಿ ಆಯ್ತು. ಸರಿ, ಮುಂದಿನ ವಾರ ಇನ್ನೂ ಕಡಿಮೆ ರೇಟಿನದು ಹುಡುಕುತ್ತಾರೆ. ಅದೇ ಏರಿಯಾದಲ್ಲಿ ಕಡಿಮೆ ರೇಟು ಅಂದರೆ ಇನ್ನೂ ಹಳೇ ಬಿಲ್ಡಿಂಗು, ಇನ್ನೂ ಕತ್ತಲು, ಲಿಫ್ಟ್ ಇಲ್ಲದ್ದು. ನೀವು ಮತ್ತೆ ಸುಮ್ನೆ ನಕ್ಕು ಬರುತ್ತೀರಿ, ಅವರು ಮತ್ತೆ ಒಂದು ಮೆಟ್ಟಿಲು ಕೆಳಗೆ ಇಳಿಯುತ್ತಾರೆ.

ಅದೇ ದಿನ ಸಂಜೆ ವಾಟ್ಸ್‌ಆ್ಯಪ್‌ನಲ್ಲಿ ಹೀಗೊಂದು ಮೆಸೇಜ್ ಹಾಕಿ ನೋಡಿ: "ಸಾರ್, ಇವತ್ತಿನ ಮನೆ ನಮಗೆ ಬೇಡ. ದೊಡ್ಡ ರೂಮಿನ ಕಿಟಕಿ ತೆಗೆದರೆ ಪಕ್ಕದ ಬಿಲ್ಡಿಂಗ್ ಗೋಡೆ ಕೈಗೆ ಸಿಗುತ್ತೆ, ಮಧ್ಯಾಹ್ನವೂ ಲೈಟ್ ಹಾಕಬೇಕು. ಅಮ್ಮನಿಗೆ ಮಂಡಿ ನೋವು, ಲಿಫ್ಟ್ ಇಲ್ಲದೆ ಮೂರನೇ ಫ್ಲೋರ್ ಆಗಲ್ಲ. ಅಡುಗೆಮನೆ ಹಳೇದು, ಅದು ಪರವಾಗಿಲ್ಲ, ನಾವೇ ಮಾಡಿಸಿಕೊಳ್ತೀವಿ. ರಸ್ತೆ ಇಷ್ಟ ಆಯ್ತು." ಇಷ್ಟೇ. ಬೆಳಕು ಬೇಕು, ಲಿಫ್ಟ್ ಬೇಕು, ಹಳೇ ಅಡುಗೆಮನೆಗೆ ತಕರಾರಿಲ್ಲ, ಏರಿಯಾ ಇದೇ ಇರಲಿ ಅಂತ ಅವರಿಗೆ ನಾಲ್ಕು ಸುಳಿವು ಸಿಕ್ಕವು. ದುಡ್ಡು ಹಾಕಿ ಸರಿ ಮಾಡಬಹುದಾದದ್ದು ಯಾವುದು, ಏನು ಮಾಡಿದರೂ ಸರಿಹೋಗದ್ದು ಯಾವುದು ಅನ್ನೋದನ್ನ ಬಿಡಿಸಿ ಹೇಳಿ. ಪೇಂಟ್, ನಲ್ಲಿ, ವೈರಿಂಗ್ ಬಗ್ಗೆ ಉದ್ದ ಕಂಪ್ಲೇಂಟ್ ಬೇಡ. ಕಿಟಕಿ ಎದುರಿನ ಗೋಡೆ, ಕಾರು ತಿರುಗಿಸೋಕೆ ಆಗದ ಪಾರ್ಕಿಂಗ್, ಬಚ್ಚಲಿಂದ ಬೆಡ್‌ರೂಮಿಗೆ ಇಳಿದಿರೋ ತೇವ, ಇಂಥವು ಮೊದಲು ಬರಲಿ. ಮತ್ತೆ ಅದೇ ದಿನ ಹೇಳಿ. ಮೂರು ಮನೆ ನೋಡಿ ಮಾರನೇ ದಿನ ಕೂತರೆ ಯಾವ ಮನೆಯಲ್ಲಿ ಯುಟಿಲಿಟಿ ಇತ್ತು ಅನ್ನೋದೇ ಮರೆತುಹೋಗಿರುತ್ತೆ.

ಈಗ ಇನ್ನೊಂದು ಕಡೆ. ಮನೆ ಬಗ್ಗೆ ಎಲ್ಲ ಹೇಳಿ, ನಿಮ್ಮ ಬಗ್ಗೆ ಎಲ್ಲ ಹೇಳಬೇಡಿ. ಗಟ್ಟಿಯಾಗಿ ಎಷ್ಟರ ತನಕ ಹೋಗಬಲ್ಲಿರಿ, ಈಗಿನ ಬಾಡಿಗೆ ಮನೆ ಯಾವಾಗ ಖಾಲಿ ಮಾಡಬೇಕು, ಮಗುವಿನ ಸ್ಕೂಲ್ ಶುರುವಾಗೋ ಒಳಗೆ ಆಗಲೇಬೇಕು ಅನ್ನೋದು, ಇವೆಲ್ಲ ನಿಮ್ಮಲ್ಲೇ ಇರಲಿ. ಬ್ರೋಕರ್ ಕೆಟ್ಟವರು ಅಂತಲ್ಲ, ಲೆಕ್ಕ ನೋಡಿ. ನಮ್ಮಲ್ಲಿ ಸಾಮಾನ್ಯವಾಗಿ ಕೊಳ್ಳುವವರಿಂದಲೂ ಮಾರುವವರಿಂದಲೂ ಕಮಿಷನ್ ಇರುತ್ತೆ, ಶೇಕಡಾ 1 ಅಥವಾ 2. 80 ಲಕ್ಷದ ಫ್ಲ್ಯಾಟ್‌ಗೆ ಶೇಕಡಾ 1 ಅಂದರೆ 80 ಸಾವಿರ. ನೀವು ಚೌಕಾಸಿ ಮಾಡಿ 75 ಲಕ್ಷಕ್ಕೆ ಇಳಿಸಿದರೆ ನಿಮಗೆ 5 ಲಕ್ಷ ಉಳಿಯುತ್ತೆ, ಅವರಿಗೆ ಹೋಗೋದು ನಿಮ್ಮ ಕಡೆಯಿಂದ 5 ಸಾವಿರ. ಆದರೆ ವ್ಯವಹಾರವೇ ಮುರಿದುಬಿದ್ದರೆ ಪೂರ್ತಿ ಕಮಿಷನ್ ಹೋಯಿತು. ಹಾಗಾಗಿ ಅವರಿಗೆ ರೇಟು ಏರಲಿ ಇಳಿಯಲಿ ಅಷ್ಟೇನೂ ತಲೆನೋವಿಲ್ಲ, ಮುಗಿದರೆ ಸಾಕು. ಯಾರು ಬಗ್ಗುತ್ತಾರೋ ಅವರನ್ನು ಬಗ್ಗಿಸುತ್ತಾರೆ. "ತುಂಬಾ ಇಷ್ಟ ಆಯ್ತು ಸಾರ್, 85ರ ತನಕ ಆಗುತ್ತೆ" ಅಂತ ನೀವು ಮೊದಲೇ ಹೇಳಿಬಿಟ್ಟಿದ್ದರೆ ಬಗ್ಗೋದು ಯಾರು ಅಂತ ಬೇರೆ ಹೇಳಬೇಕಿಲ್ಲ ಅಲ್ವಾ? ಹುಡುಕೋಕೆ ಒಂದು ರೇಂಜ್ ಕೊಡಲೇಬೇಕು, ಅದನ್ನು ನಿಮ್ಮ ಕೊನೆಯ ಮಿತಿಗಿಂತ ಸ್ವಲ್ಪ ಕೆಳಗೇ ಇಟ್ಟು ಕೊಡಿ.

ಪ್ರಶ್ನೆ: ಮನೆ ನೋಡೋಕೆ ಹೋದರೆ ಓನರ್ ಅಕ್ಕಾರು ಜೊತೆಗೇ ಎಲ್ಲಾ ಕೋಣೆಗೂ ಬರ್ತಾರೆ. ಚಹಾ ಕುಡಿದೇ ಹೋಗಬೇಕು ಅಂತಾರೆ. ಅಷ್ಟೆಲ್ಲ ಆದ ಮೇಲೆ ಮನೆ ಸರಿ ಇಲ್ಲ ಅನ್ನೋದು ಹೇಗೆ? ನಾವು ವಾಸ್ತು ಹೊಂದಲಿಲ್ಲ ಅಂತ ಹೇಳಿ ಜಾರಿಕೊಳ್ಳುತ್ತೇವೆ. (ಓದುಗರು, ಹುಬ್ಬಳ್ಳಿ)

ಉತ್ತರ: ಚಹಾ ಕುಡಿಯಿರಿ. ಓನರ್ ಎದುರು ತೀರ್ಪು ಹೇಳೋ ಅಗತ್ಯವೇ ಇಲ್ಲ, ಅಲ್ಲಿ ಪ್ರಶ್ನೆ ಮಾತ್ರ ಕೇಳಿ. ಗೋಡೆ ಉಬ್ಬಿದ್ದು ಕಂಡರೆ "ಅಯ್ಯೋ ಎಷ್ಟು ತೇವ!" ಅನ್ನಬೇಡಿ, "ಮಳೆಗಾಲದಾಗ ಇಲ್ಲಿ ನೀರು ಜಿನುಗುತ್ತದೇನ್ರಿ?" ಅಂತ ಕೇಳಿ. ನಳದ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತೆ, ತುಂಬಿಸಿಡೋಕೆ ಟಾಕಿ ಎಷ್ಟು ದೊಡ್ಡದು ಅಂತ ಕೇಳಿ. ಅಕ್ಕಾರು ಬ್ರೋಕರ್‌ಗಿಂತ ನೇರವಾಗಿ ಹೇಳುತ್ತಾರೆ, ನನ್ನ ಅನುಭವದಲ್ಲಂತೂ ಹೌದು. ನಿಮ್ಮ ಅಭಿಪ್ರಾಯವನ್ನು ಬ್ರೋಕರ್‌ಗೆ ರಸ್ತೆಗೆ ಬಂದ ಮೇಲೆ, ಕಾಂಪೌಂಡ್ ದಾಟಿ ಹೇಳಿ.

ವಾಸ್ತು ನೆಪ ಮಾತ್ರ ಬಿಟ್ಟುಬಿಡಿ. ನಿಮಗೆ ನಿಜವಾಗಿ ವಾಸ್ತು ಮುಖ್ಯವಾದರೆ ಮೊದಲ ದಿನವೇ ಹೇಳಿ, ಅವರ ಪೆಟ್ರೋಲ್ ಉಳಿಯುತ್ತೆ. ಬರೀ ನೆಪವಾದರೆ ಮುಂದಿನ ವಾರ ಪೂರ್ವದ ಬಾಗಿಲು, ಆಗ್ನೇಯಕ್ಕೆ ಅಡುಗೆಮನೆ, ಈಶಾನ್ಯಕ್ಕೆ ದೇವರಮನೆ ಇರೋ ಮನೆಯನ್ನೇ ಹುಡುಕಿ ತರುತ್ತಾರೆ. ಅಲ್ಲೂ ಅದೇ ತೇವ ಇರುತ್ತೆ, ಆಗ ಏನು ಹೇಳುತ್ತೀರಿ?

ಪ್ರಶ್ನೆ: ಮಹದೇವಪುರ ಕಡೆ ಒಂದು ಫ್ಲ್ಯಾಟ್ ನೋಡಿದೆ. ಬ್ರೋಕರ್ "ಕಾವೇರಿ ನೀರು, ಎ ಖಾತಾ, ಎಲ್ಲಾ ಪಕ್ಕಾ" ಅಂದಿದ್ದರು. ಹೋಗಿ ನೋಡಿದರೆ ಗೇಟ್ ಮುಂದೆಯೇ ಟ್ಯಾಂಕರ್ ನಿಂತಿತ್ತು. ಖಾತಾ ಕೇಳಿದರೆ "ಮಾಡಿಸಿಕೊಡ್ತಾರೆ ಬಿಡಿ" ಅಂತಾರೆ. ಸುಳ್ಳು ಹೇಳಿದಿರಿ ಅಂತ ನೇರವಾಗಿ ಹೇಳಬಹುದಾ? (ಓದುಗ, ಬೆಂಗಳೂರು)

ಉತ್ತರ: ಹೇಳಬಹುದು, ಹೇಳಬೇಕು. ಆದರೆ "ಸುಳ್ಳುಗಾರ" ಅಂದರೆ ಜಗಳ ಆಗುತ್ತೆ, ಕೆಲಸ ಆಗಲ್ಲ. ಅವರು ಏನು ಹೇಳಿದ್ದರು, ನೀವು ಏನು ಕಂಡಿರಿ, ಎರಡನ್ನೂ ಅಕ್ಕಪಕ್ಕ ಇಡಿ. ಬರವಣಿಗೆಯಲ್ಲೇ ಇಡಿ. "ಕಾವೇರಿ ಇದೆ ಅಂದಿದ್ದಿರಿ, ಅಲ್ಲಿ ಟ್ಯಾಂಕರ್ ನೀರು ತುಂಬಿಸುತ್ತಿದ್ದರು. ಮುಂದಿನ ಮನೆ ನೋಡೋ ಮುಂಚೆ ಜಲಮಂಡಳಿಯ ಇತ್ತೀಚಿನ ಬಿಲ್, ಇ-ಖಾತಾ, ಓಸಿ, ಮೂರರ ಫೋಟೊ ಕಳಿಸಿ. ಇಲ್ಲದಿದ್ದರೆ ನಾನು ಬರಲ್ಲ." (ಎ ಖಾತಾ ಅಂದರೆ ನಿಯಮದ ಪ್ರಕಾರ ಇರೋ ಆಸ್ತಿಗೆ ಪಾಲಿಕೆ ಕೊಡೋ ಖಾತಾ, ಇ-ಖಾತಾ ಅಂದರೆ ಆನ್‌ಲೈನ್ ಖಾತಾ, ಓಸಿ ಅಂದರೆ ಕಟ್ಟಡದಲ್ಲಿ ವಾಸ ಮಾಡಬಹುದು ಅಂತ ಕೊಡೋ ಸ್ವಾಧೀನ ಪತ್ರ.)

ನೀರಿನ ವಿಷಯದಲ್ಲಿ ಬ್ರೋಕರ್‌ಗಳು ಅರ್ಧ ನಿಜ ಹೇಳೋದು ಜಾಸ್ತಿ. ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆ ಆಯಿತು, ಹೊರವಲಯದ 110 ಹಳ್ಳಿಗಳಿಗೆ ನೀರು ಕೊಡೋ ಯೋಜನೆ ಅದು, ದಿನಕ್ಕೆ 77.5 ಕೋಟಿ ಲೀಟರ್. ಆದರೆ ರಸ್ತೆಗೆ ಪೈಪ್ ಬಂದ ಮಾತ್ರಕ್ಕೆ ನಿಮ್ಮ ಸಂಪ್‌ಗೆ ನೀರು ಬೀಳಲ್ಲ. ಅಪಾರ್ಟ್‌ಮೆಂಟಿನವರು ದುಡ್ಡು ಕಟ್ಟಿ ಕನೆಕ್ಷನ್ ತಗೋಬೇಕು. ಬಿಲ್ ಇದ್ದರೂ ವಾಚ್‌ಮನ್ ಹತ್ತಿರ ಒಂದು ಮಾತು ಕೇಳಿ, ಬೇಸಿಗೆಯಲ್ಲಿ ವಾರಕ್ಕೆ ಎಷ್ಟು ಟ್ಯಾಂಕರ್ ಬರುತ್ತೆ ಅಂತ.

ಖಾತಾ ವಿಷಯಕ್ಕೆ "ಮಾಡಿಸಿಕೊಡ್ತಾರೆ" ಅನ್ನೋ ಭರವಸೆ ಸಾಲದು. ಬೆಂಗಳೂರಿನಲ್ಲಿ ಈಗ ನೋಂದಣಿಗೇ ಇ-ಖಾತಾ ಕೇಳುತ್ತಾರೆ. ಋಣಭಾರ ಪತ್ರ, ನಾವೆಲ್ಲ ಇಸಿ ಅನ್ನೋದು, ಕಾವೇರಿ ಪೋರ್ಟಲ್‌ನಲ್ಲಿ ನೀವೇ ತೆಗೆಯಬಹುದು. (ನೀರಿಗೂ ಕಾವೇರಿ, ನೋಂದಣಿಗೂ ಕಾವೇರಿ. ಫೋನಲ್ಲಿ ಮಾತಾಡುವಾಗ ಯಾವುದು ಅಂತ ಬಿಡಿಸಿ ಕೇಳಿ.) ಓಸಿ ಇಲ್ಲ ಅಂದರೆ ಅಲ್ಲಿಗೇ ನಿಲ್ಲಿ. ಓಸಿ, ಸಿಸಿ (ಕಟ್ಟಡ ಪೂರ್ತಿಯಾಗಿದೆ ಅನ್ನೋ ಪತ್ರ) ನೋಡಿಯೇ ಕರೆಂಟ್, ನೀರಿನ ಕಾಯಂ ಕನೆಕ್ಷನ್ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದ ಮೇಲೆ ಹೊಸ ಕಟ್ಟಡಗಳಲ್ಲಿ ಇದು ದೊಡ್ಡ ತಲೆನೋವಾಗಿದೆ.

ಬಿಲ್ಡರ್‌ನ ಹೊಸ ಪ್ರಾಜೆಕ್ಟ್ ಆದರೆ ನಿಮ್ಮ ಕೈಗೆ ಇನ್ನೊಂದು ಹಿಡಿ ಇದೆ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಪ್ರಕಾರ ರೇರಾದಲ್ಲಿ ನೋಂದಾಯಿಸಿದ ಪ್ರಾಜೆಕ್ಟ್‌ನಲ್ಲಿ ಫ್ಲ್ಯಾಟ್ ಮಾರಿಸೋ ಏಜೆಂಟ್ ತಾನೂ ನೋಂದಾಯಿಸಿಕೊಂಡಿರಬೇಕು. ಇಲ್ಲದ ಸೌಕರ್ಯ ಇದೆ ಅಂತ ಹೇಳಿ ಮಾರುವಂತಿಲ್ಲ. ಹೇಳಿದರೆ ನೋಂದಣಿಯೇ ರದ್ದಾಗಬಹುದು. ಅವರ ನೋಂದಣಿ ನಂಬರ್ ಕೇಳಿ, ಕರ್ನಾಟಕ ರೇರಾ ವೆಬ್‌ಸೈಟ್‌ನಲ್ಲಿ ಹಾಕಿ ನೋಡಿ. 30/40 ಸೈಟಿನ ಹಳೇ ಮನೆಗೆ, ಬಾಡಿಗೆ ಮನೆಗೆ ಈ ಹಿಡಿ ಇಲ್ಲ. ಅಲ್ಲಿ ನಿಮ್ಮ ವಾಟ್ಸ್‌ಆ್ಯಪ್ ಮೆಸೇಜೇ ದಾಖಲೆ. ಅದಕ್ಕೇ ಫೋನಲ್ಲಿ ಕೂಗಾಡೋ ಬದಲು ಬರೆದು ಕಳಿಸಿ ಅಂದಿದ್ದು.

ಪ್ರಶ್ನೆ: ನಾವು ಅಮೆರಿಕದ ಆಸ್ಟಿನ್‌ನಲ್ಲಿದ್ದೇವೆ, ಮೊದಲ ಮನೆ ಕೊಳ್ಳುತ್ತಿದ್ದೇವೆ. ಪ್ರತಿ ಮನೆ ನೋಡಿದ ಮೇಲೂ ಫೀಡ್‌ಬ್ಯಾಕ್ ಕೇಳುತ್ತಾರೆ. ಊರಲ್ಲಿ ಅಪ್ಪ "ಏಜೆಂಟ್ ಹತ್ತಿರ ಬಾಯಿ ಬಿಡಬೇಡಿ" ಅಂತಾರೆ. ಏನು ಹೇಳಬೇಕು, ಏನು ಬಿಡಬೇಕು? (ಕನ್ನಡತಿ, ಟೆಕ್ಸಾಸ್)

ಉತ್ತರ: ಅಪ್ಪ ಹೇಳಿದ್ದು ಊರಿಗೆ ಸರಿ, ಅಲ್ಲಿಗೆ ಅರ್ಧ ಸರಿ. ಅಲ್ಲಿ ಸಾಮಾನ್ಯವಾಗಿ ಇಬ್ಬರು ಏಜೆಂಟ್ ಇರುತ್ತಾರೆ, ಒಬ್ಬರು ನಿಮ್ಮವರು, ಒಬ್ಬರು ಮಾರುವವರ ಕಡೆಯವರು. 2024ರ ಆಗಸ್ಟ್‌ನಿಂದ ರಿಯಲ್ಟರ್‌ಗಳ ಸಂಘದ ನಿಯಮ ಬದಲಾಗಿ, ಮನೆ ತೋರಿಸೋ ಮುಂಚೆಯೇ ಕೊಳ್ಳುವವರ ಜೊತೆ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು. ನೀವೂ ಸಹಿ ಹಾಕಿರುತ್ತೀರಿ. ಆ ನಿಮ್ಮ ಏಜೆಂಟ್‌ಗೆ ಬಜೆಟ್, ಅವಸರ, ಆಸೆ ಎಲ್ಲ ಹೇಳಿ. ಫೀಡ್‌ಬ್ಯಾಕ್ ಕೇಳೋದು ಎದುರು ಪಾರ್ಟಿ, ಅದು ಸೀದಾ ಮನೆ ಮಾರುವವರಿಗೆ ಹೋಗುತ್ತೆ. ಅಲ್ಲಿಗೆ ಏನು ಹೋಗಬೇಕು ಅಂತ ನಿಮ್ಮ ಏಜೆಂಟ್ ಜೊತೆ ಕೂತು ಮಾತಾಡಿಕೊಳ್ಳಿ. ಬೇಡದ ಮನೆಗಾದರೆ ಬೇಡ, ಇಂಥ ಕಾರಣಕ್ಕೆ ಅಂತ ಧಾರಾಳವಾಗಿ ಬರೆಸಿ. ಆಫರ್ ಹಾಕೋ ಯೋಚನೆ ಇರೋ ಮನೆಗೆ ಏನೂ ಬರೆಸದೇ ಇದ್ದರೂ ನಡೆಯುತ್ತೆ. ಓಪನ್ ಹೌಸ್‌ನಲ್ಲಿ (ಯಾರು ಬೇಕಾದರೂ ಬಂದು ಮನೆ ನೋಡೋ ದಿನ) ನಗುನಗುತ್ತಾ ಬಾಗಿಲಲ್ಲಿ ನಿಂತಿರೋರು ಸಾಮಾನ್ಯವಾಗಿ ಮಾರುವವರ ಕಡೆಯವರೇ, ನೆನಪಿರಲಿ.

ಇನ್ನೆರಡು ಮಾತು. ಬಾಗಿಲ ಬೆಲ್‌ನಲ್ಲೇ ಕ್ಯಾಮೆರಾ ಇರುತ್ತೆ, ಮನೆ ಒಳಗೂ ಇರಬಹುದು, ಚರ್ಚೆ ಕಾರಿನಲ್ಲಿ ಇಟ್ಟುಕೊಳ್ಳಿ. ಕನ್ನಡದಲ್ಲಿ ಮಾತಾಡಿದರೆ ಗೊತ್ತಾಗಲ್ಲ ಅಂದುಕೊಳ್ಳಬೇಡಿ, ಆಸ್ಟಿನ್‌ನಲ್ಲಿ ಮಾರುವವರೂ ಕನ್ನಡದವರೇ ಆಗಿರಬಹುದು! ಮತ್ತೆ "ಈ ಏರಿಯಾದಲ್ಲಿ ಇಂಡಿಯನ್ಸ್ ಜಾಸ್ತಿ ಇದ್ದಾರಾ" ಅಂತ ಕೇಳಿದರೆ ಏಜೆಂಟ್ ಮಾತು ತೇಲಿಸುತ್ತಾರೆ. ತಪ್ಪು ತಿಳಿಯಬೇಡಿ. ಜನಾಂಗ, ಧರ್ಮ, ಮೂಲ ದೇಶ ನೋಡಿ ಕೊಳ್ಳುವವರನ್ನು ಇಂಥದೇ ಏರಿಯಾ ಕಡೆ ತಿರುಗಿಸೋದು ಅಲ್ಲಿ 1968ರ ಫೇರ್ ಹೌಸಿಂಗ್ ಕಾಯ್ದೆ ಪ್ರಕಾರ ಕಾನೂನುಬಾಹಿರ. ದೇವಸ್ಥಾನ ಎಷ್ಟು ದೂರ, ಇಂಡಿಯನ್ ಅಂಗಡಿ ಎಲ್ಲಿದೆ ಅನ್ನೋದನ್ನ ನೀವೇ ಮ್ಯಾಪ್‌ನಲ್ಲಿ ನೋಡಿಕೊಳ್ಳಿ.

ಪ್ರಶ್ನೆ: ಮೈಸೂರು ಕುವೆಂಪುನಗರದಲ್ಲಿ ನಮ್ಮ 40/60 ಸೈಟಿನ ಹಳೇ ಮನೆ ಮಾರಾಟಕ್ಕಿದೆ. ಜನ ಬರುತ್ತಾರೆ, ನೋಡುತ್ತಾರೆ, ಹೋಗುತ್ತಾರೆ. ಬ್ರೋಕರ್ ಪ್ರತಿ ಸಲ "ರೇಟ್ ಜಾಸ್ತಿ ಅಂತಾರೆ ಸಾರ್" ಅನ್ನೋದು ಬಿಟ್ಟು ಬೇರೇನೂ ಹೇಳಲ್ಲ. (ನಿವೃತ್ತ ಮೇಷ್ಟ್ರು, ಮೈಸೂರು)

ಉತ್ತರ: ಮೇಷ್ಟ್ರೇ, "ಏನಂದ್ರು?" ಅಂತ ಕೇಳಿದರೆ ಆ ಉತ್ತರವೇ ಬರೋದು. ಬಿಡಿಬಿಡಿಯಾಗಿ ಕೇಳಿ. ಪೇಪರ್ ಕೇಳಿದರಾ? ಸೈಟ್ ಅಳತೆ ಕೇಳಿದರಾ? ಇನ್ನೊಂದು ಸಲ ಬರ್ತೀವಿ ಅಂದರಾ? ಮನೆಯವರನ್ನು ಕರ್ಕೊಂಡು ಎರಡನೇ ಸಲ ಬಂದು, ಪೇಪರ್ ಜೆರಾಕ್ಸ್ ಕೇಳಿ, ಆಮೇಲೆ ರೇಟ್ ಜಾಸ್ತಿ ಅಂದವರ ಮಾತಿಗೆ ಬೆಲೆ ಇದೆ, ಅವರ ಜೊತೆ ಕೂತು ಮಾತಾಡಬಹುದು. ಹಾಲ್‌ನಿಂದಲೇ ವಾಪಸ್ ಹೋದವರು ರೇಟ್ ಅಂದರೂ ಕಾರಣ ಬೇರೆ ಇರುತ್ತೆ.

ಬೇಜಾರು ಮಾಡಿಕೊಳ್ಳಬೇಡಿ, ಒಂದು ವಿಷಯ ಹೇಳಿಬಿಡುತ್ತೇನೆ. ಅಷ್ಟು ದೊಡ್ಡ ಸೈಟಿನಲ್ಲಿ ಹಳೇ ಮನೆ ಇದ್ದರೆ ನೋಡೋಕೆ ಬರುವವರಲ್ಲಿ ಬಹಳ ಜನ 2,400 ಚದರ ಅಡಿಗೆ ಸೈಟ್ ರೇಟ್ ಲೆಕ್ಕ ಹಾಕಿ, ಕಟ್ಟಡಕ್ಕೆ ಸೊನ್ನೆ ಹಾಕುತ್ತಾರೆ, ಕೆಡವಿ ಕಟ್ಟೋ ಯೋಚನೆ. ಅವರ ಮುಂದೆ ತೇಗದ ಬಾಗಿಲು, ರೆಡ್ ಆಕ್ಸೈಡ್ ನೆಲದ ಬಗ್ಗೆ ಹೇಳಿ ಉಪಯೋಗ ಇಲ್ಲ. ವಾಸಕ್ಕೆ ಕೊಳ್ಳೋರಾ, ಕೆಡವೋಕೆ ಕೊಳ್ಳೋರಾ ಅಂತ ಬ್ರೋಕರ್‌ಗೆ ಮೊದಲೇ ಕೇಳಿ ತಿಳಿದುಕೊಳ್ಳೋಕೆ ಹೇಳಿ. ಮತ್ತೆ ಬಂದವರ ಹಿಂದೆ ಕೋಣೆ ಕೋಣೆಗೆ ಹೋಗಬೇಡಿ. ನೀವಿದ್ದರೆ ಅವರು ಬಾಯಿ ಬಿಡಲ್ಲ, ಬಾಯಿ ಬಿಡದಿದ್ದರೆ ಬ್ರೋಕರ್‌ಗೂ ನಿಮಗೆ ಹೇಳೋಕೆ ಏನೂ ಇರಲ್ಲ.

ಪ್ರಶ್ನೆ: ಬಾಡಿಗೆ ಮನೆ ನೋಡಿದ್ದಕ್ಕೂ ಇಷ್ಟೆಲ್ಲ ಹೇಳಬೇಕಾ? (ಪಿಜಿಯಿಂದ ಹೊರಬೀಳುತ್ತಿರುವವನು, ಬೆಂಗಳೂರು)

ಉತ್ತರ: ಬೇಡ, ಒಂದು ಸಾಲು ಸಾಕು. "ಬೇಡ ಅಣ್ಣ, ಬೈಕ್ ಒಳಗೆ ನಿಲ್ಲಿಸೋಕೆ ಜಾಗ ಇಲ್ಲ." ಆದರೆ ಬೇಡ ಅಂತ ಹೇಳದೆ ಫೋನ್ ಎತ್ತೋದು ಬಿಡಬೇಡ, ಅದೇ ಬ್ರೋಕರ್ ಹತ್ತಿರವೇ ನಿನಗೆ ಬೇಕಾದ ಮನೆ ನಾಳೆ ಖಾಲಿ ಆಗಬಹುದು. ಇನ್ನೊಂದು, ನೀನು ಆಗಲೇ ನೋಡಿರೋ ಮನೆಗೇ ಎರಡನೇ ಬ್ರೋಕರ್ ಕರ್ಕೊಂಡು ಹೋದರೆ ಗೇಟ್ ಹತ್ತಿರವೇ ಹೇಳಿಬಿಡು. ಒಳಗೆ ಹೋಗಿ ನೋಡಿ ಬಂದು, ಆಮೇಲೆ ಮನೆ ಒಪ್ಪಿಗೆಯಾದರೆ ಇಬ್ಬರೂ ಒಂದೊಂದು ತಿಂಗಳ ಬಾಡಿಗೆ ಕಮಿಷನ್ ಕೇಳುತ್ತಾರೆ.