ಹುಲ್ಲು ಒಂದೇ ಇರಲಿ, ಗೋದಲಿ ಬೇರೆ ಇರಲಿ

ಪ್ರಶ್ನೆ: ಡಾಕ್ಟ್ರೇ, ನಮಗೆ ಮೂರು ಎಕರೆ ಹುಲ್ಲು ಬೀಳು ಇದೆ. ಎರಡು ಹಳ್ಳಿಕಾರ್ ಹಸು, ಒಂದು ಹೋರಿ ಸಾಕಿದ್ದೇವೆ. ಈಗ ಮಗ ರೇಸಿನಿಂದ ಬಿಟ್ಟ ಹೆಣ್ಣು ಕುದುರೆಯೊಂದನ್ನು ತಂದಿದ್ದಾನೆ. ಎಲ್ಲವನ್ನೂ ಒಟ್ಟಿಗೆ ಮೇಯಲು ಬಿಡಬಹುದಾ? ಹಸುವಿನ ಫೀಡು, ನೇಪಿಯರ್ ಹುಲ್ಲನ್ನೇ ಕುದುರೆಗೂ ಹಾಕಬಹುದಾ?
– ಓದುಗರೊಬ್ಬರು, ಕುಣಿಗಲ್ ತಾಲ್ಲೂಕು

ಉತ್ತರ: ಮೇಯಲು ಧಾರಾಳವಾಗಿ ಬಿಡಿ ಸ್ವಾಮಿ. ಬೀಳಿಗೂ ಅದು ಒಳ್ಳೆಯದೇ. ಹಸು ನಾಲಿಗೆ ಸುತ್ತಿ ಉದ್ದ ಹುಲ್ಲನ್ನು ಎಳೆದುಕೊಳ್ಳುತ್ತದೆ. ಕುದುರೆ ಹಲ್ಲಿನಿಂದ ಬುಡದವರೆಗೂ ಕತ್ತರಿಸುತ್ತದೆ. ಆದರೆ ಲದ್ದಿ ಬಿದ್ದ ಕಡೆ ಬೆಳೆದ ಹುಲ್ಲನ್ನು ಮೂಸಿ ಬಿಟ್ಟುಬಿಡುತ್ತದೆ. ಅದನ್ನು ಹಸು ಮೇಯುತ್ತದೆ. ಅಲ್ಲಿರುವ ಕುದುರೆ ಜಂತಿನ ಮರಿಗಳಲ್ಲಿ ಹೆಚ್ಚಿನವು ಹಸುವಿನ ಹೊಟ್ಟೆ ಸೇರಿದರೆ ಬದುಕುವುದಿಲ್ಲ. ಹಾಗಂತ ಜಂತಿನ ಔಷಧಿ ನಿಲ್ಲಿಸಬೇಡಿ. ಲಿವರ್ ಹುಳು ಎರಡಕ್ಕೂ ಬರುತ್ತದೆ. ಕೆರೆ ಅಂಚಿನ ಜೌಗಿನಲ್ಲಿ ಮೇಯಿಸುವವರು ಇದನ್ನು ಮರೆಯಬಾರದು.

ನನ್ನ ತಕರಾರು ಗೋದಲಿಯದು. ಹಸುವಿನ ಕೆಲವು ಫೀಡು, ಪೌಡರುಗಳಲ್ಲಿ ಮೊನೆನ್ಸಿನ್ ಎಂಬ ಔಷಧಿ ಬೆರೆಸಿರುತ್ತಾರೆ. ಕೋಳಿ ಫೀಡಿನಲ್ಲೂ ಇಂಥವು ಇರುತ್ತವೆ. ಹಸುವಿಗೆ ಇದರಿಂದ ಲಾಭ. ಕುದುರೆಗೆ ಮಾತ್ರ ವಿಷ. ತೂಕದ ಕೆಜಿಗೆ 2-3 ಮಿಲಿಗ್ರಾಂ ಹೋದರೆ ಸಾಕು, ಹೃದಯದ ಸ್ನಾಯು ಹಾಳಾಗಿ ಸಾಯಬಹುದು. 400 ಕೆಜಿ ಕುದುರೆಗೆ ಲೆಕ್ಕ ಹಾಕಿ, ಸುಮಾರು ಒಂದು ಗ್ರಾಂ! ಇಳಿಸುವ ಮದ್ದೂ ಇಲ್ಲ. ಆದ್ದರಿಂದ ಹಸುಗಳಿಗೆ ಫೀಡು ಇಡುವಾಗ ಕುದುರೆಯನ್ನು ಬೇರೆ ಕಡೆ ಕಟ್ಟಿ. ಬಕೆಟ್ಟೂ ಬೇರೆಯೇ ಇರಲಿ. ಚೀಲದ ಬಾಯಿ ಬಿಗಿಯಾಗಿ ಕಟ್ಟಿಡಿ. ರೇಸಿನ ಕುದುರೆ ಜಾಣ ಪ್ರಾಣಿ, ಸಡಿಲ ಗಂಟನ್ನು ಬಿಚ್ಚಿಕೊಂಡೀತು.

ಬೂಷ್ಟು ಹಿಡಿದ ರಾಗಿ ಹುಲ್ಲು, ಜೋಳದ ಕಡ್ಡಿಯನ್ನೂ ಕುದುರೆ ಮುಂದೆ ಹಾಕಬೇಡಿ. ಹಸು ಸ್ವಲ್ಪ ತಡೆದುಕೊಂಡರೂ ಕುದುರೆಗೆ ಹೊಟ್ಟೆಶೂಲೆ ಬಂದುಬಿಡುತ್ತದೆ. ಅದಕ್ಕೆ ವಾಂತಿ ಮಾಡಲು ಆಗುವುದಿಲ್ಲ ಬೇರೆ.

ಇನ್ನು ನೇಪಿಯರ್. ಅದರಲ್ಲಿ ಆಕ್ಸಲೇಟ್ ಎಂಬ ಅಂಶ ಜಾಸ್ತಿ. ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳು ಅದನ್ನು ಒಡೆಯುತ್ತವೆ. ಕುದುರೆಯಲ್ಲಿ ಅದು ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡುಬಿಡುತ್ತದೆ. ತಿಂಗಳುಗಟ್ಟಲೆ ಇದೇ ಹುಲ್ಲು ತಿಂದರೆ ಮೂಳೆಯ ಕ್ಯಾಲ್ಸಿಯಂ ಕರಗಿ ಮೂತಿಯ ಮೂಳೆ ಊದುತ್ತದೆ, ಕುಂಟುತ್ತದೆ. ಬೂಸಾದಲ್ಲಿ ರಂಜಕ ಹೆಚ್ಚು. ಅದೂ ಸೇರಿದರೆ ಇನ್ನೂ ಕೆಡುಕು. ಗರಿಕೆಯಂಥ ಬೀಳಿನ ಹುಲ್ಲು, ಒಣ ಹುಲ್ಲು ಮುಖ್ಯವಾಗಿರಲಿ. ಜೊತೆಗೆ ಸ್ವಲ್ಪ ಕುದುರೆ ಮಸಾಲೆ ಸೊಪ್ಪು, ಅಂದರೆ ಲೂಸರ್ನ್, ಹಾಕಿ. ಅದರಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ. ನೆನೆಸಿದ ಅಥವಾ ಬೇಯಿಸಿದ ಹುರುಳಿಯನ್ನು ಮಿತವಾಗಿ ಕೊಡಬಹುದು.

ಮಳೆಗಾಲದಲ್ಲಿ ದೊಡ್ಡ ಕಚ್ಚುವ ನೊಣ ಬರುತ್ತದಲ್ವಾ, ಅದು ಸರ್ರಾ ಎಂಬ, ರಕ್ತದಲ್ಲಿ ಸೂಕ್ಷ್ಮ ಪರಾವಲಂಬಿ ಸೇರಿ ಬರುವ ರೋಗವನ್ನು ಹಸುವಿನಿಂದ ಕುದುರೆಗೆ ತರಬಹುದು. ಹಸುವಿನಲ್ಲಿ ಎಷ್ಟೋ ಸಲ ಲಕ್ಷಣವೇ ಕಾಣುವುದಿಲ್ಲ. ಕುದುರೆಗೆ ಬಿಟ್ಟು ಬಿಟ್ಟು ಜ್ವರ ಬಂದು, ಕಾಲು, ಹೊಟ್ಟೆಯ ಕೆಳಗೆ ಬಾವು ಕಂಡರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ಮುಳ್ಳುತಂತಿ ಬೇಲಿಯಿದ್ದರೆ ತೆಗೆಸಿ. ಕುದುರೆಗೆ ಧನುರ್ವಾಯು ಲಸಿಕೆಯೂ ಆಗಿರಲಿ.

ಮೊದಲ ಕೆಲವು ದಿನ ಬೇಲಿಯ ಆಚೆ ಈಚೆ ಕಟ್ಟಿ ಪರಿಚಯವಾಗಲು ಬಿಡಿ. ಹೋರಿಯನ್ನು ಮಾತ್ರ ಬೇರೆ ಮೇಯಿಸಿ. ಹಳ್ಳಿಕಾರ್ ಕೊಂಬಿನ ಚೂಪು ನಿಮಗೆ ಗೊತ್ತೇ ಇದೆ. ಆ ಕುದುರೆ ಒದೆಯುವುದಕ್ಕೂ ಹಿಂದೆಮುಂದೆ ನೋಡುವುದಿಲ್ಲ.