ಚೋಮನ ಪಾಠಕ್ಕೆ ಏನೇನು ಬೇಕು?

ತುಮಕೂರು ಕಡೆಯ ಕನ್ನಡ ಉಪನ್ಯಾಸಕಿಯೊಬ್ಬರು ಬರೆದಿದ್ದಾರೆ: “ಪದವಿ ತರಗತಿಗೆ ಶಿವರಾಮ ಕಾರಂತರ ‘ಚೋಮನ ದುಡಿ’ ಪಾಠ ಮಾಡಬೇಕು. ಮಕ್ಕಳು ಗೈಡ್ ಕೊಂಡು ಸಾರಾಂಶ ಬಾಯಿಪಾಠ ಮಾಡುತ್ತಾರೆ, ಪುಸ್ತಕ ತೆರೆಯುವುದೇ ಇಲ್ಲ. ಒಳ್ಳೆಯ ಚಾರ್ಟ್, ಪಿಪಿಟಿ, ಪ್ರಶ್ನೆಪಟ್ಟಿ ಎಲ್ಲಿ ಸಿಗುತ್ತವೆ?”

ಮೇಡಂ, ನಮಸ್ಕಾರ.

ಪಿಪಿಟಿ ಆಮೇಲೆ ನೋಡೋಣ. ಇದು ಸಣ್ಣ ಕಾದಂಬರಿ. ಲೈಬ್ರರಿಯಿಂದಲೋ ಹಳೆಯ ವಿದ್ಯಾರ್ಥಿಗಳಿಂದಲೋ ಪ್ರತಿಗಳನ್ನು ಕೂಡಿಸಿ, ಇಬ್ಬರಿಗೆ ಒಂದಾದರೂ ಪುಸ್ತಕ ಕೈಗೆ ಕೊಡಿ. ಮೊದಲ ಪುಟಗಳನ್ನು ನೀವೇ ಗಟ್ಟಿಯಾಗಿ ಓದಿ. ಲೇಖಕರ ಜನನ, ಪ್ರಶಸ್ತಿಗಳ ಪಟ್ಟಿ ಹೇಳುತ್ತಾ ಮೊದಲ ಪೀರಿಯಡ್ ಕಳೆಯಬೇಡಿ. 1933ರಲ್ಲಿ ಬಂದ ಪುಸ್ತಕ, ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿತ್ತು ಎಂದರೆ ಶುರುವಿಗೆ ಸಾಕು. ಚೋಮನ ಗುಡಿಸಲು, ಧಣಿ ಸಂಕಪ್ಪಯ್ಯನ ಮನೆ, ಮಕ್ಕಳು ದುಡಿಯಲು ಹೋಗುವ ಕಾಫಿ ತೋಟ, ಇವುಗಳ ನಕ್ಷೆಯನ್ನು ಓದುತ್ತಾ ಹೋದಂತೆ ಮಕ್ಕಳೇ ಬರೆಯಲಿ. ಅಂಗಡಿಯ ಚಾರ್ಟಿಗಿಂತ ಅದು ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ನಾನು ಹೇಳುವ ಮುಖ್ಯ ಸಾಮಗ್ರಿ ಒಂದು ಪಹಣಿ, ಅಂದರೆ ಜಮೀನಿನ ಸರ್ಕಾರಿ ದಾಖಲೆ. ಅರ್ಧ ಪುಸ್ತಕ ಮುಗಿದ ಮೇಲೆ ಯಾವುದಾದರೂ ಪಹಣಿಯ ಜೆರಾಕ್ಸ್ ತೆಗೆಸಿ, ಹೆಸರು ಮರೆಮಾಡಿ ಹಂಚಿ. ಅದರಲ್ಲಿ ಸ್ವಾಧೀನದಾರರ ಹೆಸರಿಗೆ ಒಂದು ಕಾಲಂ ಇದೆ, ಸಾಗುವಳಿದಾರರಿಗೆ ಇನ್ನೊಂದು, ಋಣಗಳಿಗೆ ಮತ್ತೊಂದು. ‘ಚೋಮನ ಹೆಸರು ಇಲ್ಲಿ ಎಲ್ಲಿ ಬರುತ್ತಿತ್ತು?’ ಎಂದು ಕೇಳಿ. ಎಲ್ಲೂ ಇಲ್ಲ, ಅಲ್ವಾ? ಅವನ ಬಳಿ ಎತ್ತಿನ ಜೋಡಿ ಇದೆ, ಉಳುವ ಆಸೆ ಇದೆ. ಆದರೆ ಹೊಲೆಯ ಎಂಬ ಕಾರಣಕ್ಕೆ ಗೇಣಿಗೂ ತುಂಡು ಭೂಮಿ ಸಿಗುವುದಿಲ್ಲ. ಸಂಕಪ್ಪಯ್ಯನ ಮನಸ್ಸು ಸ್ವಲ್ಪ ಮೆತ್ತಗಾದರೂ ಅವನ ತಾಯಿ ಒಪ್ಪುವುದಿಲ್ಲ.

ಇಲ್ಲಿಂದ 1974ಕ್ಕೆ ಬನ್ನಿ. ದೇವರಾಜ ಅರಸು ಸರ್ಕಾರದ ಭೂಸುಧಾರಣೆ ಎಂದರೆ ‘ಉಳುವವನೇ ಹೊಲದೊಡೆಯ’ ಎಂದು ಮಕ್ಕಳು ಥಟ್ಟನೆ ಹೇಳುತ್ತಾರೆ. ಆಗ ಕೇಳಿ: ‘ಆ ಕಾನೂನು ಚೋಮನಿಗೆ ಹೊಲ ಕೊಡುತ್ತಿತ್ತೇ?’ ಗೇಣಿದಾರನಿಗೆ ಸಿಕ್ಕಿತು, ನಿಜ. ಚೋಮ ಗೇಣಿದಾರನೇ ಅಲ್ಲವಲ್ಲ! ಹೆಚ್ಚುವರಿ ಜಮೀನಿನ ಹಂಚಿಕೆ ಬೇರೆ ಮಾತು. ಈ ಪ್ರಶ್ನೆಗೆ ಯಾವ ಗೈಡಿನಲ್ಲೂ ಉತ್ತರ ಹುಡುಕಲಾಗದು, ಪುಸ್ತಕವನ್ನೇ ತಿರುವಬೇಕು.

ಒಂದು ಎಚ್ಚರಿಕೆ. ‘ನಿಮ್ಮ ನಿಮ್ಮ ಮನೆಯ ಪಹಣಿ ತನ್ನಿ’ ಎನ್ನಬೇಡಿ. ಜಮೀನಿಲ್ಲದ ಮನೆಯ ಮಕ್ಕಳೂ ಅಲ್ಲೇ ಕೂತಿರುತ್ತಾರೆ. ‘ದಲಿತರು ಯಾರಿದ್ದೀರಿ, ನಿಮ್ಮ ಅನುಭವ ಹೇಳಿ’ ಅಂತಲೂ ಕೇಳಬಾರದು. ಅವರಾಗಿಯೇ ಮಾತಾಡಿದರೆ ಕೇಳಿಸಿಕೊಳ್ಳೋಣ. ಇಡೀ ಜಾತಿಯ ಪರವಾಗಿ ಉತ್ತರ ಕೊಡುವ ಹೊರೆ ಹದಿನೆಂಟು ವರ್ಷದ ಹುಡುಗಿಯ ಮೇಲೆ ಯಾಕೆ? ಚೋಮನ ಮಗ ನೀಲ ನೀರಿನಲ್ಲಿ ಮುಳುಗುವ ಭಾಗಕ್ಕೆ ಬಂದಾಗ ಇದು ಇನ್ನೂ ಮುಖ್ಯ. ಮುಟ್ಟಬಾರದು ಎಂಬ ಒಂದೇ ಕಾರಣಕ್ಕೆ ಮಗು ಸಾಯುತ್ತದೆ. ಅಲ್ಲಿ ಪ್ರಶ್ನೆಗಳು ದಡದಲ್ಲಿದ್ದವರ ಬಗ್ಗೆ ಇರಲಿ. ಅವರು ಏನು ಯೋಚಿಸಿದರು, ಯಾರಿಗೆ ಹೆದರಿದರು, ಯಾರು ಯಾರನ್ನು ತಡೆದರು? ಚೋಮನ ಮಗಳು ಬೆಳ್ಳಿ ಮತ್ತು ತೋಟದ ಮನ್ವೇಲನ ಪ್ರಸಂಗವನ್ನೂ ಹಾರಿಸಬೇಡಿ. ಆದರೆ ನಾಟಕ ಮಾತ್ರ ಆಡಿಸಬೇಡಿ.

ಸಿನಿಮಾ ತೋರಿಸಬಹುದು, ಓದಿ ಮುಗಿದ ಮೇಲೆ. ಬಿ.ವಿ. ಕಾರಂತರು ನಿರ್ದೇಶಿಸಿದ 1975ರ ಚಿತ್ರಕ್ಕೆ ಸ್ವರ್ಣಕಮಲ ಬಂತು, ಚೋಮನಾದ ವಾಸುದೇವ ರಾವ್ ಅವರಿಗೆ ರಾಷ್ಟ್ರೀಯ ಪ್ರಶಸ್ತಿ ಬಂತು. ಚಿತ್ರಕಥೆ ಶಿವರಾಮ ಕಾರಂತರದ್ದೇ. ಆದ್ದರಿಂದ ‘ತಮ್ಮದೇ ಕಥೆಯಲ್ಲಿ ಅವರು ಏನು ಬಿಟ್ಟರು, ಏನು ಉಳಿಸಿಕೊಂಡರು?’ ಎಂದು ಒಂದೇ ಒಂದು ದೃಶ್ಯ ಹಿಡಿದು ಹೋಲಿಸಿದರೂ ಒಂದು ಪೀರಿಯಡ್ ಸಾಲದು. ದುಡಿ ಎಂಬ ಚರ್ಮವಾದ್ಯದ ಸದ್ದನ್ನು ಕಿವಿಯಾರೆ ಕೇಳುವುದಂತೂ ಬಯಲುಸೀಮೆಯ ಮಕ್ಕಳಿಗೆ ಬೇಕೇ ಬೇಕು.

ಪರೀಕ್ಷೆಯ ಚಿಂತೆ ನನಗೂ ಅರ್ಥವಾಗುತ್ತದೆ. ನೋಟ್ಸ್ ಕೊಡಿ, ಆದರೆ ಕೊನೆಯಲ್ಲಿ, ಮಕ್ಕಳೊಂದಿಗೆ ಕೂತು ಬರೆಸಿ. ಪ್ರತಿ ಉತ್ತರದ ಪಕ್ಕ ಕಾದಂಬರಿಯ ಪುಟಸಂಖ್ಯೆ ಇರಲೇಬೇಕು ಎಂದು ಹೇಳಿ. ಸುಮ್ನೆ ಗೈಡ್ ನೋಡಿ ಬರೆದವರಿಗೆ ಆ ಸಂಖ್ಯೆ ಸಿಗುವುದಿಲ್ಲ. ಮಕ್ಕಳು ಬರೆದ ನಕ್ಷೆಗಳಲ್ಲಿ ಚೆನ್ನಾಗಿರುವುದೊಂದನ್ನು ನಮಗೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

– ಸಂಪಾದಕ