'ಅನಗತ್ಯ ರೌಟರ್' ಲೇಖನ ಕಳಿಸಿದವರಿಗೆ

ಆಫೀಸಲ್ಲಿ ನೆಟ್ ನಿಲ್ಲದ ಹಾಗೆ ಎರಡು ರೌಟರ್ ಕಟ್ಟೋ ಬಗ್ಗೆ ನೀವು ಬರೆದಿದ್ದು ಓದಿದೆ. ಕನ್ನಡದಲ್ಲಿ ಇಂಥದ್ದು ಬರೆಯೋರು ಕಮ್ಮಿ, ಡಯಾಗ್ರಾಮೂ ನೀಟಾಗಿದೆ. ಹೊಗಳಿದ್ದು ಸಾಕು.

ಮೊದಲ ಸಾಲೇ 'ಪ್ರತಿ ಕಚೇರಿಯಲ್ಲೂ ಒಂದು ಅನಗತ್ಯ ರೌಟರ್ ಇರಬೇಕು'. ಅನಗತ್ಯ ಆದ್ಮೇಲೆ ಯಾಕ್ರೀ ಇರಬೇಕು? ರಿಡಂಡೆಂಟ್ (ಇಲ್ಲಿ ಅಂದ್ರೆ ಒಂದು ಹೋದ್ರೆ ಇರಲಿ ಅಂತ ಇಟ್ಟ ಇನ್ನೊಂದು) ಅನ್ನೋದನ್ನ ಡಿಕ್ಷನರಿಯಿಂದ ಇಳಿಸಿದೀರ, ಇದನ್ನ ಓದಿದ ಓನರ್ ದುಡ್ಡು ಬಿಚ್ತಾನಾ? ಸರ್ವರ್ ರೂಮಲ್ಲಿ ಬ್ಯಾಕಪ್ ಅಂತಾರೆ, ಸ್ಟ್ಯಾಂಡ್‌ಬೈ ಅಂತಾರೆ, ಹಾಗೇ ಬರೀರಿ.

ಆಮೇಲೆ ವಿಆರ್‌ಆರ್‌ಪಿ, ಅಂದ್ರೆ ಎರಡು ರೌಟರ್ ಒಂದೇ ವಿಳಾಸ ಹಂಚ್ಕೊಂಡು ಒಂದು ಮಾಸ್ಟರ್ ಆಗಿ ಕೆಲಸ ಮಾಡೋ, ಇನ್ನೊಂದು ಬ್ಯಾಕಪ್ ಆಗಿ ಕಾಯೋ ಏರ್ಪಾಟು, ಅದರ ಬಗ್ಗೆ ಈ ಸಾಲು: 'ವಿಆರ್‌ಆರ್‌ಪಿ ಹಾಕಿದರೆ ಒಂದು ರೌಟರ್ ಕೆಟ್ಟ ತಕ್ಷಣ ಇನ್ನೊಂದು ಶುರುವಾಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.'

'ತಕ್ಷಣ' ಅಂದ್ರೆ ಎಷ್ಟು? ಡೀಫಾಲ್ಟಲ್ಲಿ ಮಾಸ್ಟರ್ ಸೆಕೆಂಡಿಗೊಂದ್ಸಲ 'ನಾನಿದೀನಿ' ಅಂತ 224.0.0.18 ಅನ್ನೋ ಗುಂಪು ವಿಳಾಸಕ್ಕೆ ಕೂಗ್ತಿರುತ್ತೆ, ಬ್ಯಾಕಪ್ಪು ಮೂರು ಕೂಗಿನಷ್ಟು ಹೊತ್ತು ಕಾದು, ಅದರ ಮೇಲೆ ಇನ್ನೂ ಚೂರು ಕಾದು ಪಟ್ಟ ಏರೋದು. ಪ್ರಯಾರಿಟಿ ನಂಬರ್ ಜಾಸ್ತಿ ಇದ್ದಿದ್ದೇ ಮಾಸ್ಟರ್, ಕಮ್ಮಿ ಇದ್ದಷ್ಟೂ ಆ ಚೂರು ಜಾಸ್ತಿ. ನಿಮ್ಮ ಬ್ಯಾಕಪ್ಪಿನ ಪ್ರಯಾರಿಟಿ 100, ಅಂದ್ರೆ ಸುಮಾರು 3.6 ಸೆಕೆಂಡು. ಐಪಿ ಫೋನಲ್ಲಿ ಮಾತಾಡ್ತಿರೋನಿಗೆ ಅದು ಚೆನ್ನಾಗೇ ಗೊತ್ತಾಗುತ್ತೆ. ಟೈಮರ್ ಇಳಿಸಬಹುದು, ನೀವು ಆ ಮಾತೇ ಎತ್ತಿಲ್ಲ.

'ಕೆಟ್ಟ' ಅನ್ನೋ ಪದ ನೋಡಿ ಇನ್ನೂ ಜಾಸ್ತಿ ಸಿಟ್ಟು ಬಂತು. ರೌಟರ್ ಎಲ್ರೀ ಕೆಡುತ್ತೆ, ಜೆಸಿಬಿ ರಸ್ತೆ ಅಗೆದು ಲೈನ್ ಹೋಗೋದೇ ಜಾಸ್ತಿ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿಂಗೇ ಎರಡು ರೌಟರ್ ಕಟ್ಟಿ, ರಿಜಿಸ್ಟರಲ್ಲಿ 'ಬ್ಯಾಕಪ್ ರೆಡಿ' ಅಂತ ಬರೆದು ಟೀಗೆ ಹೊರಟಿದ್ದೆ. ನಮ್ಮ ಸೀನಿಯರು, ಮಾತೇ ಆಡದ ಮನುಷ್ಯ, ಪಿಂಗ್ (ಆ ಕಡೆಯಿಂದ ಉತ್ತರ ಬರುತ್ತಾ ಅಂತ ಪದೇ ಪದೇ ಕೇಳೋ ಕಮಾಂಡ್) ಓಡ್ಸು ಅಂದ್ರು, ಓಡಿಸ್ದೆ, ಅವರು ಪವರ್ ತೆಗೀತಾರೆ ಅಂತ ನಾನು ನೋಡ್ತಿದ್ರೆ ಸೀದಾ ಮೀಡಿಯಾ ಕನ್ವರ್ಟರಿಂದ (ಫೈಬರ್ ಲೈನನ್ನ ಮಾಮೂಲಿ ಕೇಬಲ್ಲಿಗೆ ಬದಲಾಯಿಸೋ ಡಬ್ಬಿ) ಫೈಬರ್ ಕಿತ್ರು. ಸ್ಕ್ರೀನ್ ತುಂಬಾ 'ರಿಕ್ವೆಸ್ಟ್ ಟೈಮ್ಡ್ ಔಟ್'. ಕನ್ವರ್ಟರಿಂದ ರೌಟರಿಗೆ ಬರೋ ಕೇಬಲ್ ಗಟ್ಟಿಯಾಗಿದೆ, ಪೋರ್ಟ್ ಲೈಟು ಹಸಿರು, ಮಾಸ್ಟರ್ ಒಳಗಡೆ ಆರಾಮಾಗಿ 'ನಾನಿದೀನಿ' ಅಂತ ಕೂಗ್ತಿದೆ, ಬ್ಯಾಕಪ್ಪು ಅದನ್ನ ನಂಬಿ ಸುಮ್ನೆ ಕೂತಿದೆ. ಅವರು ಆ ಫೈಬರ್ ತುದಿ ನನ್ನ ಕೈಗಿಟ್ಟು ತಾವು ಟೀಗೆ ಹೋದ್ರು.

ನಿಮ್ಮ ಕಾನ್ಫಿಗಲ್ಲೂ ಅದೇ ಕಥೆ. ಮಾಸ್ಟರ್ 110, ಬ್ಯಾಕಪ್ 100, ಟ್ರ್ಯಾಕಿಂಗ್, ಅಂದ್ರೆ ಲೈನ್ ಇದೆಯಾ ಅಂತ ರೌಟರ್ ನೋಡ್ತಿರೋದು, ಅದರದ್ದು ಒಂದು ಸಾಲೂ ಇಲ್ಲ. ಪೋರ್ಟನ್ನಷ್ಟೇ ಟ್ರ್ಯಾಕ್ ಮಾಡಿದ್ರೂ ಸಾಲದು, ಲೈನಿನ ಆ ಕಡೆಯ ಐಪಿಗೆ ಪಿಂಗ್ ಹಾಕಿ, ಅದು ತಪ್ಪಿದ್ರೆ ಪ್ರಯಾರಿಟಿ 20 ಇಳಿಯೋ ಹಾಗೆ ಮಾಡಿ, ಆಗ ಮಾಸ್ಟರ್ 90ಕ್ಕೆ ಬಂದು ಬ್ಯಾಕಪ್ ಎದ್ದೇಳುತ್ತೆ.

ಹಂಗೆ ಕಟ್ಟಿ, ಫೈಬರ್ ನೀವೇ ಕಿತ್ತು, ಎಷ್ಟು ಪಿಂಗ್ ಹೋಯ್ತು ಅಂತ ಎಣಿಸಿ ಬರೆದು ಕಳಿಸಿ, ಹಾಕೋಣ. ತಲೆಬರಹ ಮಾತ್ರ ನಾನೇ ಬದಲಾಯಿಸ್ತೀನಿ.